ಸಹಾಯ ಬೇಕು: ಪಿಟೀಲು ಹಿಡಿದರೆ ಗಮಕ (ಸ್ವರವನ್ನು ಅಲ್ಲಾಡಿಸಿ ನುಡಿಸುವುದು) ಬಿಟ್ಟು ಬೇರೇನೂ ಬರುತ್ತಿಲ್ಲ

ಮಡಿಕೇರಿ ಹತ್ತಿರದವನು ನಾನು. 12 ವರ್ಷ ಕರ್ನಾಟಕ ಸಂಗೀತ ಕಲಿತೆ, ಒಂದು ಸುತ್ತಿಗೆ 14 ಎಣಿಕೆಯ ಅಟತಾಳದ ವರ್ಣಗಳೆಂಬ ರಚನೆಗಳನ್ನು ನುಡಿಸಿ ನುಡಿಸಿ ಎಡಗೈ ಬೆರಳ ತುದಿಯೇ ದಡ್ಡುಗಟ್ಟಿದೆ. ಕಛೇರಿ ಆಸೆ ಈಗಿಲ್ಲ, ಸುಳ್ಳು ಯಾಕೆ ಹೇಳಲಿ.

ಕಳೆದ ಪುತ್ತರಿಗೆ (ನಮ್ಮ ಕೊಡಗಿನ ಸುಗ್ಗಿ ಹಬ್ಬ) ನಾಲ್ಕು ಜನ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿದು ಹಾಡುತ್ತಿದ್ದಾಗ ಜೊತೆಗೆ ನುಡಿಸೋಣ ಅಂತ ಕೂತೆ. ಅವರ ಸ್ವರ ನೇರ, ನನ್ನ ಬೆರಳು ಮಾತ್ರ ಪ್ರತಿ ಗಾಂಧಾರವನ್ನೂ (ಸರಿಗಮದ 'ಗ') ಅಲ್ಲಾಡಿಸುತ್ತದೆ! ದುಡಿ ಹಿಡಿದಿದ್ದ ಮಾವ "ಇದೇನು ಕಛೇರಿಯಾ?" ಅಂತ ನಕ್ಕರು.

ಎರಡು ತಿಂಗಳು ಪಿಟೀಲು ಮುಟ್ಟಲಿಲ್ಲ, ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಸುಮ್ನೆ ಬಾಯಲ್ಲಿ ಕಲಿತೆ. ಬಾಯಲ್ಲಿ ಸರಿಯಾಗಿ ಬರುತ್ತದೆ, ಕಮಾನು ಹಿಡಿದ ಕೂಡಲೇ ಅದೇ ಹಳೇ ಕೈ. ಗಮಕ ಪೂರ್ತಿ ಬಿಡಲೂ ಮನಸ್ಸಿಲ್ಲ, ಅದೂ ನನ್ನದೇ ಅಲ್ವಾ?

ಶಾಸ್ತ್ರೀಯ ಕಲಿತು ಜಾನಪದಕ್ಕೆ ನುಡಿಸುವವರು ಇದ್ದರೆ ಹೇಳಿ: ಗಮಕ ಎಲ್ಲಿ ಇಡಬೇಕು, ಎಲ್ಲಿ ಬಿಡಬೇಕು ಅಂತ ನಿಮ್ಮ ಕೈಗೆ ಹೇಗೆ ಕಲಿಸಿದಿರಿ?