ಮ್ಯಾಚ್ ಗೆಲ್ಲಿಸೋದು ರೆಫರಿನಾ? ಅರ್ಧ ಕಿಲೋ ಕುಂದಾ ಶರ್ತು

ಅನಗೋಳದ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಜಗಳ ಇನ್ನೂ ಮುಗಿದಿಲ್ಲ. ಇಲ್ಲಾದರೂ ತೀರ್ಮಾನ ಆಗಲಿ ಅಂತ ಹಾಕುತ್ತಿದ್ದೇನೆ.

ನಾನು ಬೆಳಗಾವಿಯವನು. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಅಂದರೆ ಪ್ರಾಣ. ಆದರೆ ಕಂಠೀರವ ಕ್ರೀಡಾಂಗಣ ನಮಗೆ ಒಂದು ರಾತ್ರಿಯ ಬಸ್ಸು. ಗೋವಾದ ಫಾತೋರ್ಡಾ ಹಾಗಲ್ಲ, ಘಾಟ್ ಇಳಿದರೆ ಬಂತು. ಹಾಗಾಗಿ ನಮ್ಮ ತಂಡದ ಆಟ ನಾನು ನೋಡಿದ್ದೆಲ್ಲ ಬೇರೆಯವರ ಊರಲ್ಲೇ.

2023ರ ಮಾರ್ಚ್ 18, ಶನಿವಾರ. ಫಾತೋರ್ಡಾದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಎಟಿಕೆ ಮೋಹನ್ ಬಾಗಾನ್ ಎದುರು. ನಾನು, ನನ್ನ ಸೋದರಮಾವನ ಮಗ, ಒಂದು ಬೈಕು. ಖಾನಾಪುರ, ರಾಮನಗರ, ಅನಮೋಡ ಘಾಟ್. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಘಾಟಿನಲ್ಲೇ ಖಾಲಿ.

ಆಟ ನೋಡಿದವರಿಗೆ ನೆನಪಿರುತ್ತದೆ. 14ನೇ ನಿಮಿಷಕ್ಕೆ ಅವರ ಪೆಟ್ರಾಟೋಸ್ ಪೆನಾಲ್ಟಿ, 0-1. ಮೊದಲಾರ್ಧ ಮುಗಿಯುವಾಗ ನಮ್ಮ ಛೆಟ್ರಿ ಪೆನಾಲ್ಟಿ, 1-1. 78ಕ್ಕೆ ನಮ್ಮ ರಾಯ್ ಕೃಷ್ಣ ತಲೆ ಕೊಟ್ಟ, 2-1. ನಾನು ಪಕ್ಕದವನ ಹೆಗಲ ಮೇಲಿದ್ದೆ. ಅವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಏಳು ನಿಮಿಷ ಅಷ್ಟೇ. 85ನೇ ನಿಮಿಷದಲ್ಲಿ ಪೆನಾಲ್ಟಿ ಏರಿಯಾದ ಅಂಚಿನಲ್ಲಿ ಅವರ ಹುಡುಗ ಬಿದ್ದ, ಸೀಟಿ ಊದಿತು. ಮತ್ತೆ ಪೆಟ್ರಾಟೋಸ್, 2-2. ಕೊನೆಗೆ ಪೆನಾಲ್ಟಿ ಶೂಟ್‌ಔಟ್‌ನಲ್ಲಿ 4-3ಕ್ಕೆ ಸೋತೆವು. ನಮ್ಮ ತಂಡದ ಮಾಲೀಕರೇ ಅವತ್ತು ಇಂಡಿಯಾಕ್ಕೆ ವಿಎಆರ್, ಅಂದರೆ ವಿಡಿಯೋ ನೋಡಿ ರೆಫರಿಯ ತಪ್ಪು ತಿದ್ದುವ ವ್ಯವಸ್ಥೆ, ಬೇಕು ಅಂತ ಬರೆದರು.

ಮಾವನ ಮಗ ಹೇಳೋದು: ‘ಆ ರೆಫರಿ ಇರ್ಲಿಲ್ಲಂದ್ರ ಕಪ್ಪು ನಮ್ದ ಇತ್ತು.’ ನಾನು ಹೇಳೋದು: ಶೂಟ್‌ಔಟ್‌ನಲ್ಲಿ ನಮ್ಮ ಒಂದು ಕಿಕ್ ಅವರ ಕೀಪರ್ ಹಿಡಿದ, ಇನ್ನೊಂದು ಗೋಲಿನ ಮೇಲೆ ಹೋಯಿತು. ಅದನ್ನೂ ರೆಫರಿ ಒದ್ದನಾ? ಛೆಟ್ರಿಗೆ ಸಿಕ್ಕ ಪೆನಾಲ್ಟಿ ಬಗ್ಗೆ ಅವನು ಬಾಯಿ ಬಿಡುವುದೇ ಇಲ್ಲ ಅನ್ನೋದು ಬೇರೆ ಮಾತು.

ಶರ್ತು ಅರ್ಧ ಕಿಲೋ ಕುಂದಾ. ದೊಡ್ಡ ಆಟಗಳನ್ನು ರೆಫರಿ ಗೆಲ್ಲಿಸುತ್ತಾನಾ, ಇಲ್ಲವಾ? ಆಟ ಗೊತ್ತಿದ್ದವರು ಹೇಳಿ. ಸುಮ್ನೆ ಬೈಯುವವರು ಬೇಡ, ಅಂಥವನು ಮನೆಯಲ್ಲೇ ಒಬ್ಬ ಇದ್ದಾನೆ.

ಕ್ಯಾಂಪ್‌ನ ಕೇರಳದವನು:

ನಾನು ಇಪ್ಪತ್ತು ವರ್ಷದಿಂದ ಬೆಳಗಾವಿಯಲ್ಲೇ ಇದ್ದೇನೆ, ಬೇಕರಿ ಇದೆ. ತಂಡ ಮಾತ್ರ ಕೇರಳ ಬ್ಲಾಸ್ಟರ್ಸ್. ನಿಮ್ಮ ಕಥೆ ಓದಿ ನಗು ಬಂತು ತಮ್ಮಾ. ಮಾರ್ಚ್ 18 ನೆನಪಿದೆ, ಅದೇ ತಿಂಗಳ 3ನೇ ತಾರೀಖು ನೆನಪಿಲ್ವಾ?

ಕಂಠೀರವದಲ್ಲಿ ನಮ್ಮ ನಿಮ್ಮ ಪ್ಲೇಆಫ್. 90 ನಿಮಿಷ 0-0. ಎಕ್ಸ್‌ಟ್ರಾ ಟೈಮ್ ಶುರುವಿನಲ್ಲೇ ನಿಮಗೆ ಫ್ರೀ ಕಿಕ್. ನಮ್ಮವರು ಚೆಂಡಿಗೆ ಅಡ್ಡ ಆಟಗಾರರ ಗೋಡೆ ಇನ್ನೂ ನಿಲ್ಲಿಸುತ್ತಿದ್ದಾರೆ, ಕೀಪರ್ ಎಲ್ಲೋ ಇದ್ದಾನೆ, ಛೆಟ್ರಿ ಸುಮ್ಮನೆ ಒದ್ದು ಗೋಲ್ ಅಂದ. ನಮ್ಮ ಕೋಚ್ ಇಡೀ ತಂಡವನ್ನು ಹೊರಗೆ ಕರೆದುಕೊಂಡು ಹೋದರು. ಪರಿಣಾಮ? ನೀವು ಸೆಮಿಫೈನಲ್‌ಗೆ. ನಮ್ಮ ಕ್ಲಬ್‌ಗೆ ನಾಲ್ಕು ಕೋಟಿ ದಂಡ, ಕೋಚ್‌ಗೆ ಹತ್ತು ಮ್ಯಾಚ್ ನಿಷೇಧ.

ಅವತ್ತು ನಿಮ್ಮ ಮನೆಯಲ್ಲಿ ಕುಂದಾ ಹಂಚಿದ್ದರಲ್ವಾ? ರೆಫರಿ ಅವತ್ತು ಒಳ್ಳೆಯವನು, ಹದಿನೈದು ದಿನಕ್ಕೆ ಕೆಟ್ಟವನು.

ಅನಗೋಳದ ಹುಡುಗ:

ಹಂಚಿದ್ದು ನಿಜ ಅಣ್ಣಾ. ಕುಂದಾ ಅಲ್ಲ, ಜಿಲೇಬಿ.

ಸೀಟಿ ಕಾಕಾ:

ಇಬ್ಬರೂ ಸ್ವಲ್ಪ ತಡೆಯಿರಿ. ನಾನು ಟಿಳಕವಾಡಿಯವನು. ಗುಮಾಸ್ತನಾಗಿ ನಿವೃತ್ತಿ ಆಯಿತು. ಅದರ ಜೊತೆಗೇ ಇಪ್ಪತ್ತೆರಡು ವರ್ಷ ಇಲ್ಲಿನ ಮೈದಾನಗಳಲ್ಲಿ ಸೀಟಿ ಊದಿದ್ದೇನೆ. ಐಎಸ್‌ಎಲ್ ಅಲ್ಲ, ನಮ್ಮೂರ ಟೂರ್ನಿಗಳು. ಬೈಗುಳಕ್ಕೆ ಮಾತ್ರ ದೊಡ್ಡದು ಸಣ್ಣದು ಅಂತ ಇರುವುದಿಲ್ಲ. ನನ್ನ ತಾಯಿ, ಅಜ್ಜಿ, ಸತ್ತುಹೋದ ಮುತ್ತಜ್ಜಿ, ಎಲ್ಲರನ್ನೂ ಜನ ಮೈದಾನಕ್ಕೆ ಕರೆಸಿದ್ದಾರೆ.

ಮೊದಲು ಆ ಫ್ರೀ ಕಿಕ್. ಪ್ರತಿ ಫ್ರೀ ಕಿಕ್‌ಗೂ ಸೀಟಿ ಬೇಕೇಬೇಕು ಅಂತ ನಿಯಮ ಇಲ್ಲ. ಚೆಂಡು ನಿಂತಿದ್ದರೆ ಹೊಡೆಯಬಹುದು. ಆದರೆ ರೆಫರಿ ಕಾರ್ಡ್ ತೆಗೆದಿದ್ದರೆ, ಇಲ್ಲವೇ ಎದುರಾಳಿಗಳನ್ನು ದೂರ ಸರಿಸಿ ನಿಲ್ಲಿಸುವ ಕೆಲಸಕ್ಕೆ ಇಳಿದಿದ್ದರೆ, ಆಮೇಲೆ ಸೀಟಿ ಊದುವ ತನಕ ಚೆಂಡು ಮುಟ್ಟುವ ಹಾಗಿಲ್ಲ. ಅವತ್ತಿನ ಜಗಳ ಪೂರ್ತಿ ಅದೇ. ಗೋಡೆ ನಿಲ್ಲಿಸುವ ಕೆಲಸ ಶುರುವಾಗಿತ್ತಾ, ಇಲ್ಲವಾ? ಸೀಟಿ ಕಾಯಬೇಕು ಅಂದರೆ ರೆಫರಿ ಸೀಟಿಯನ್ನು ಕೈಯಲ್ಲಿ ಎತ್ತಿ ಎಲ್ಲರಿಗೂ ಕಾಣುವ ಹಾಗೆ ತೋರಿಸಬೇಕು. ನಾನು ಯಾವಾಗಲೂ ತೋರಿಸುತ್ತಿದ್ದೆ. ಒಂದು ಸಲ ತೋರಿಸಲಿಲ್ಲ, ಅದಕ್ಕೆ ಸಿಕ್ಕ ಪ್ರಸಾದ ಇಲ್ಲಿ ಬರೆಯುವಂಥದ್ದಲ್ಲ.

ಇನ್ನು ತಮ್ಮನ ಪ್ರಶ್ನೆ. ರೆಫರಿ ಗೆಲ್ಲಿಸುತ್ತಾನಾ? ಫುಟ್‌ಬಾಲ್‌ನಲ್ಲಿ ಆಗುವುದೇ ಎರಡು ಮೂರು ಗೋಲು. ಅದರಲ್ಲಿ ಒಂದು ತಪ್ಪು ಬಂದರೆ ತಕ್ಕಡಿ ಪೂರ್ತಿ ವಾಲುತ್ತದೆ. ಹಾಗಾಗಿ ಗೆಲ್ಲಿಸುತ್ತಾನೆ, ಸುಳ್ಳು ಯಾಕೆ ಹೇಳಲಿ. ಆದರೆ ನಿಮ್ಮ ಮಾವನ ಮಗ ಅಂದುಕೊಂಡ ಹಾಗೆ ಅಲ್ಲ. ಮನೆಯಿಂದ ಹೊರಡುವಾಗಲೇ ‘ಇವತ್ತು ಇವರನ್ನು ಸೋಲಿಸುತ್ತೇನೆ’ ಅಂತ ಹೊರಡುವ ರೆಫರಿ ಬಹಳ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ. ಜರ್ಮನಿಯಲ್ಲಿ ರಾಬರ್ಟ್ ಹೊಯ್ಟ್ಸರ್ ಅಂತ ಒಬ್ಬ ಇದ್ದ. 2004ರ ಜರ್ಮನ್ ಕಪ್‌ನಲ್ಲಿ ಹ್ಯಾಂಬರ್ಗ್ 2-0 ಮುಂದಿತ್ತು. ಈತ ಎದುರಾಳಿ ಪಾಡರ್‌ಬಾರ್ನ್‌ಗೆ ಎರಡು ಪೆನಾಲ್ಟಿ ಕೊಟ್ಟ, ಹ್ಯಾಂಬರ್ಗ್‌ನ ಒಬ್ಬನನ್ನು ಹೊರಗೆ ಹಾಕಿದ, ಆಟ 4-2ಕ್ಕೆ ತಿರುಗಿತು. ಬೆಟ್ಟಿಂಗ್‌ನವರ ದುಡ್ಡು ತಿಂದಿದ್ದ. 2005ರಲ್ಲಿ ಎರಡು ವರ್ಷ ಐದು ತಿಂಗಳ ಜೈಲು ಶಿಕ್ಷೆ ಆಯಿತು. ಅವನ ಮೇಲೆ ದೂರು ಕೊಟ್ಟವರು ಯಾರು ಗೊತ್ತಾ? ಜೊತೆಗಿದ್ದ ರೆಫರಿಗಳೇ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ನಮ್ಮ ಜಾತಿಗೂ ಸ್ವಲ್ಪ ಮರ್ಯಾದೆ ಇರಲಿ ಅಂತ.

ದುಡ್ಡಿಗಿಂತ ಜಾಸ್ತಿ ಕೆಲಸ ಮಾಡುವುದು ಗದ್ದಲ. ಇಂಗ್ಲೆಂಡ್‌ನಲ್ಲಿ 40 ರೆಫರಿಗಳನ್ನು ಕೂರಿಸಿ ಒಂದೇ ಆಟದ ವಿಡಿಯೋ ತೋರಿಸಿದರು. ಒಂದಷ್ಟು ಜನಕ್ಕೆ ಪ್ರೇಕ್ಷಕರ ಕೂಗಿನ ಜೊತೆ, ಉಳಿದವರಿಗೆ ಸದ್ದಿಲ್ಲದೆ. ಕೂಗು ಕೇಳಿಸಿಕೊಂಡವರು ಆತಿಥೇಯ ತಂಡದ ಮೇಲೆ ಶೇಕಡಾ 15ರಷ್ಟು ಕಡಿಮೆ ಫೌಲ್ ಕೊಟ್ಟರು. 2002ರಲ್ಲಿ ಅದು ಪ್ರಕಟವಾಯಿತು. ಗಮನಿಸಿ, ಅವರು ಕೂತಿದ್ದು ಟಿವಿ ಮುಂದೆ. ಯಾರೂ ಅವರಿಗೆ ಚಪ್ಪಲಿ ತೋರಿಸಿರಲಿಲ್ಲ. ಸ್ಪೇನ್‌ನ ಲೀಗ್‌ನಲ್ಲಿ ಇನ್ನೊಂದು ಲೆಕ್ಕ ಮಾಡಿದರು. ಆತಿಥೇಯ ತಂಡ ಒಂದು ಗೋಲು ಹಿಂದಿದ್ದರೆ ರೆಫರಿ ಕೊನೆಗೆ ಸೇರಿಸುವ ಇಂಜುರಿ ಟೈಮ್ ಉದ್ದ, ಒಂದು ಗೋಲು ಮುಂದಿದ್ದರೆ ಗಿಡ್ಡ. ಕೊರೊನಾ ಕಾಲದಲ್ಲಿ ಖಾಲಿ ಮೈದಾನದಲ್ಲಿ ಆಡಿಸಿದಾಗ ಹೊರಗಿನ ತಂಡಕ್ಕೆ ಬೀಳುವ ಹಳದಿ ಕಾರ್ಡ್ ಕಡಿಮೆ ಆಯಿತು.

ನನಗಂತೂ ಆಶ್ಚರ್ಯ ಆಗಲಿಲ್ಲ. ಮೈದಾನದಲ್ಲಿ ಮೂರು ಸಾವಿರ ಜನ ‘ಪೆನಾಲ್ಟೀ’ ಅಂದಾಗ ನಿಮ್ಮ ಕಣ್ಣು ನೋಡಿದ್ದರ ಮೇಲೆ ನಿಮಗೇ ಅನುಮಾನ ಬರುತ್ತದೆ. ‘ಇಷ್ಟು ಜನ ನೋಡಿದ್ದಾರೆ, ನನಗೆ ಕಾಣಲಿಲ್ಲವೇನೋ’ ಅನ್ನಿಸುತ್ತದೆ. ಅರ್ಧ ಸೆಕೆಂಡ್ ಅಷ್ಟೇ. ಆ ಅರ್ಧ ಸೆಕೆಂಡ್‌ನಲ್ಲಿ ಕೈ ಬಾಯಿಗೆ ಹೋಗಿರುತ್ತದೆ.

ಮೂರನೆಯದು ಕಾಲು. ರೆಫರಿ ಒಂದು ಆಟದಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಓಡುತ್ತಾನೆ. 85ನೇ ನಿಮಿಷ ಅಂದರೆ ಆಟಗಾರನಿಗೆ ಬದಲಿ ಬಂದಿರುತ್ತಾನೆ, ರೆಫರಿಗೆ ಬರುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಬಿದ್ದರೆ ಸಾಕು, ಡಿಫೆಂಡರ್‌ನ ಬೆನ್ನು ಕಾಣುತ್ತದೆ, ಕಾಲು ಕಾಣುವುದಿಲ್ಲ. ಆಗ ಊಹೆ ಮಾಡುತ್ತೀರಿ. ಫಾತೋರ್ಡಾದಲ್ಲಿ ಏನಾಯಿತೋ ಆ ರೆಫರಿಗೇ ಗೊತ್ತು. ನಾನು ನನ್ನ ಊಹೆಗಳ ಲೆಕ್ಕ ಮಾತ್ರ ಕೊಡಬಲ್ಲೆ, ಅದೇ ಬಹಳ ಇದೆ.

ಬಾಗಲಕೋಟೆ ರೈಡರ್:

ನಾನು ಕಬಡ್ಡಿಯವನು. ತಕ್ಕಡಿ ಮಾತು ನಿಜ ಕಾಕಾ. ನಮ್ಮಲ್ಲಿ 30, 35 ಪಾಯಿಂಟ್ ಆಗುತ್ತವೆ. ಒಂದು ಬೋನಸ್ ತಪ್ಪು ಕೊಟ್ಟರೂ ಮುಂದಿನ ರೈಡ್‌ನಲ್ಲಿ ವಸೂಲಿ ಮಾಡಬಹುದು. ಆದರೆ ಒಂದು ಮಾತು. ಕತಾರ್‌ನಲ್ಲಿ ನಮ್ಮ ದೇಶಕ್ಕೆ ಆಗಿದ್ದು ಗದ್ದಲಾನೂ ಅಲ್ಲ, ಊಹೆನೂ ಅಲ್ಲ. ಚೆಂಡು ಗೆರೆ ದಾಟಿದ್ದು ನನ್ನ ಎಂಟು ವರ್ಷದ ಮಗಳಿಗೂ ಕಂಡಿತ್ತು. ಅದಕ್ಕೇನಂತೀರಿ?

ಸೀಟಿ ಕಾಕಾ:

ಅದನ್ನು ಬಿಟ್ಟು ಬರೆದಿದ್ದೆ, ಹೊಟ್ಟೆ ಉರಿಯುತ್ತದೆ ಅಂತ. ಕೇಳಿದಿರಿ, ಹೇಳುತ್ತೇನೆ.

2024ರ ಜೂನ್ 11, ದೋಹಾ. ವಿಶ್ವಕಪ್ ಅರ್ಹತಾ ಪಂದ್ಯ. 37ನೇ ನಿಮಿಷಕ್ಕೆ ಛಾಂಗ್ಟೆ ಗೋಲ್ ಹೊಡೆದು ನಾವು ಮುಂದಿದ್ದೆವು. ಗೆದ್ದರೆ ಮೂರನೇ ಸುತ್ತು. ಅಲ್ಲಿಗೆ ನಾವು ಹಿಂದೆಂದೂ ಹೋದವರಲ್ಲ. 73ನೇ ನಿಮಿಷದಲ್ಲಿ ನಮ್ಮ ಕೀಪರ್ ಗುರ್‌ಪ್ರೀತ್ ತಡೆದ ಚೆಂಡು ಗೋಲ್ ಪಕ್ಕದ ಗೆರೆ ದಾಟಿ ಹೋಯಿತು. ಕತಾರ್‌ನವನು ಅದನ್ನು ಒಳಗೆ ಎಳೆದ, ಇನ್ನೊಬ್ಬ ಒದ್ದ. ಗೋಲ್ ಅಂದರು. 85ಕ್ಕೆ ಇನ್ನೊಂದು. 2-1, ಕಥೆ ಮುಗಿಯಿತು.

ಚೆಂಡು ಹೊರಗೆ ಅನ್ನಬೇಕಾದರೆ ಪೂರ್ತಿ ಚೆಂಡು ಪೂರ್ತಿ ಗೆರೆ ದಾಟಿರಬೇಕು. ಕೂದಲೆಳೆಯಷ್ಟು ಗೆರೆಯ ಮೇಲಿದ್ದರೂ ಒಳಗೆ. ಫೋಟೊ ಅಡ್ಡಕ್ಕೆ ತೆಗೆದರೆ ಹೊರಗಿದ್ದಂತೆ ಕಂಡು ಒಳಗೇ ಇರುವುದುಂಟು. ಆದರೆ ಇದು ಹಾಗಿರಲಿಲ್ಲ, ರಾಜಾರೋಷವಾಗಿ ಹೊರಗಿತ್ತು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. ಲೈನ್ಸ್‌ಮನ್ ನೋಡಬೇಕಿತ್ತು. ಅವನು ನೋಡಲಿಲ್ಲ. ಇದಕ್ಕೆ ನನ್ನ ಹತ್ತಿರ ವಕಾಲತ್ತು ಇಲ್ಲ.

ಹಾಗಂತ ಒಂದು ತಕರಾರು. ಅದೇ ವರ್ಷ ಮಾರ್ಚ್ 26ಕ್ಕೆ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರು ಮುಂದಿದ್ದು 1-2ಕ್ಕೆ ಸೋತವರು ಯಾರು? ಜೂನ್ 6ಕ್ಕೆ ಕೋಲ್ಕತ್ತಾದಲ್ಲಿ, ಛೆಟ್ರಿ ವಿದಾಯ ಹೇಳಿದ ಆಟದಲ್ಲಿ, ಕುವೈತ್ ಎದುರು ಒಂದೂ ಗೋಲು ಹೊಡೆಯದವರು ಯಾರು? ಆ ಎರಡರಲ್ಲಿ ಒಂದು ಗೆದ್ದಿದ್ದರೂ ದೋಹಾದ ಗೆರೆಯ ಮೇಲೆ ನಮ್ಮ ಪ್ರಾಣ ಇಡಬೇಕಿರಲಿಲ್ಲ. ಇಷ್ಟು ಹೇಳಿದರೂ ಹೊಟ್ಟೆ ಉರಿ ಕಡಿಮೆ ಆಗಿಲ್ಲ, ಅದು ಬೇರೆ.

ಅನಗೋಳದ ಹುಡುಗ:

ಕಾಕಾ, ಹಾಗಾದರೆ ವಿಎಆರ್ ತಂದರೆ ಮುಗೀತಲ್ವಾ? ಮಾವನ ಮಗ ಪಕ್ಕದಲ್ಲೇ ಕೂತಿದ್ದಾನೆ, ಅವನದೇ ಪ್ರಶ್ನೆ. ನೀವು ‘ಗೆಲ್ಲಿಸುತ್ತಾನೆ, ಸುಳ್ಳು ಯಾಕೆ ಹೇಳಲಿ’ ಅಂದ ಸಾಲನ್ನು ಫೋಟೊ ತೆಗೆದು ಇಟ್ಟುಕೊಂಡಿದ್ದಾನೆ. ಅದರ ಮುಂದಿನ ಸಾಲು ಅದರಲ್ಲಿ ಇಲ್ಲ.

ಸೀಟಿ ಕಾಕಾ:

ತರಲಿ, ಬೇಡ ಅನ್ನುವುದಿಲ್ಲ. ಕತಾರ್‌ನಂಥದ್ದು ನಿಲ್ಲುತ್ತದೆ. 2010ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್‌ನ ಲ್ಯಾಂಪಾರ್ಡ್ ಒದ್ದ ಚೆಂಡು ಗೋಲ್ ಒಳಗೆ ಬಿದ್ದು ಹೊರಗೆ ಬಂತು, ರೆಫರಿಗೆ ಕಾಣಲಿಲ್ಲ. ಅದಾದ ಮೇಲೆಯೇ ಗೋಲ್ ಗೆರೆಗೆ ಯಂತ್ರ ಬಂತು. ಆದರೆ ಯಂತ್ರದ ಮುಂದೆಯೂ ಮನುಷ್ಯನೇ ಕೂತಿರುತ್ತಾನೆ. 2023ರ ಸೆಪ್ಟೆಂಬರ್ 30, ಟಾಟನ್‌ಹ್ಯಾಮ್ ಎದುರು ಲಿವರ್‌ಪೂಲ್. ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಸರಿಯಾದ ಗೋಲಿಗೆ ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದ. ವಿಎಆರ್ ಕೋಣೆಯವರು ನೋಡಿದರು, ಆಫ್‌ಸೈಡ್ ಇಲ್ಲ ಅಂತ ಅವರಿಗೆ ಗೊತ್ತಾಯಿತು. ಆದರೆ ಮೈದಾನದಲ್ಲಿ ಗೋಲ್ ಕೊಟ್ಟಿದ್ದಾರೆ ಅಂದುಕೊಂಡು ‘ಸರಿ ಇದೆ’ ಅಂದುಬಿಟ್ಟರು! ಮೈದಾನದಲ್ಲಿ ಕೊಟ್ಟಿದ್ದು ಆಫ್‌ಸೈಡ್. ತಪ್ಪು ತಿಳಿಯುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು, ಹಿಂದೆ ಹೋಗುವ ಹಾಗಿಲ್ಲ. ಲಿವರ್‌ಪೂಲ್ 2-1ಕ್ಕೆ ಸೋತಿತು. ಇಂಗ್ಲೆಂಡ್‌ನ ರೆಫರಿ ಸಂಸ್ಥೆಯೇ ತಪ್ಪಾಯಿತು ಅಂತ ಒಪ್ಪಿಕೊಂಡಿತು. ಲಕ್ಷಾಂತರ ಪೌಂಡಿನ ಯಂತ್ರ, ಕೊನೆಗೆ ಹಾಳಾಗಿದ್ದು ಎರಡು ಮಾತಿನಲ್ಲಿ.

ಕ್ಯಾಂಪ್‌ನ ಕೇರಳದವನು:

ಕಾಕಾ, ಎಲ್ಲರ ತಪ್ಪು ಹೇಳಿದಿರಿ. ನಿಮ್ಮದು?

ಸೀಟಿ ಕಾಕಾ:

ಕೇಳುತ್ತೀರಿ ಅಂತ ಗೊತ್ತಿತ್ತು.

ಒಂದು ಟೂರ್ನಿಯ ಫೈನಲ್, ಯಾವುದು ಅಂತ ಬೇಡ. ಆಗಸ್ಟ್ ತಿಂಗಳು. ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ, ಮೈದಾನ ಪೂರ್ತಿ ರಾಡಿ. 0-0, ಹತ್ತು ನಿಮಿಷ ಬಾಕಿ. ಎಡಗಡೆಯಿಂದ ಒಬ್ಬ ಹೊಡೆದ. ನನ್ನ ಕನ್ನಡಕದ ಮೇಲೆ ನೀರು. ನೋಡಿದರೆ ಚೆಂಡು ನೆಟ್ ಒಳಗಿದೆ. ಗೋಲ್ ಅಂತ ಸೀಟಿ ಊದಿದೆ. ಕೀಪರ್ ಓಡಿ ಬಂದು ನನ್ನ ಕೈ ಹಿಡಿದ. ‘ಕಾಕಾ, ಹೊರಗಿಂದ ಹೋಗೇತ್ರಿ, ನೆಟ್ ಹರದೈತಿ, ಬರ‍್ರಿ ನೋಡ್ರಿ’ ಅಂದ. ನಾನು ಹೋಗಿ ನೋಡಲಿಲ್ಲ. ಲೈನ್ಸ್‌ಮನ್ ಕಡೆ ನೋಡಿದೆ, ಅವನು ಗೋಲ್ ಅಂತ ತಲೆ ಆಡಿಸಿದ. ಆಮೇಲೆ ಗೊತ್ತಾಯಿತು, ಅವನು ಟೂರ್ನಿ ನಡೆಸುವವರ ಕಡೆಯ ಹುಡುಗ, ಗೆದ್ದ ತಂಡವೂ ಅವರದೇ ಓಣಿಯದು. ಆದರೆ ಅವನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಹತ್ತು ಹೆಜ್ಜೆ ನಡೆದಿದ್ದರೆ ತೂತು ಕಾಣುತ್ತಿತ್ತು. ಕೀಪರ್ ಕೈ ಹಿಡಿದನಲ್ಲ, ಆ ಸಿಟ್ಟಿಗೆ ನಡೆಯಲಿಲ್ಲ.

ಆಟ ಮುಗಿದ ಮೇಲೆ ಹೋಗಿ ನೋಡಿದೆ. ಪಕ್ಕದ ನೆಟ್‌ನಲ್ಲಿ ನನ್ನ ತಲೆ ತೂರುವಷ್ಟು ತೂತು. ಕಪ್ಪು ಆಗಲೇ ಹೆಗಲೇರಿ ಹೋಗಿತ್ತು.

2013ರಲ್ಲಿ ಜರ್ಮನಿಯ ಬುಂಡೆಸ್‌ಲಿಗಾದಲ್ಲಿ, ಹಾಫನ್‌ಹೈಮ್ ಮೈದಾನದಲ್ಲಿ, ಲೆವರ್‌ಕುಸೆನ್‌ನ ಕೀಸ್ಲಿಂಗ್ ತಲೆ ಕೊಟ್ಟ ಚೆಂಡು ಹೀಗೇ ಪಕ್ಕದ ತೂತಿನಿಂದ ಒಳಗೆ ಹೋಯಿತು, ಗೋಲ್ ಕೊಟ್ಟರು. ಹಾಫನ್‌ಹೈಮ್ ದೂರು ಕೊಟ್ಟರೂ ಆಟ ಮತ್ತೆ ಆಡಿಸಲಿಲ್ಲ, 2-1 ಹಾಗೇ ಉಳಿಯಿತು. ಆ ಸುದ್ದಿ ಓದಿದ ದಿನ ನನಗೆ ಸಮಾಧಾನ ಆಯಿತು ಅಂದರೆ ನಗಬೇಡಿ.

ಆ ಫೈನಲ್ ಆದಮೇಲೆ ರಿಟೈರ್ ಆಗುವ ತನಕ ನನ್ನ ಕಿಸೆಯಲ್ಲಿ ಸೀಟಿ, ಕಾರ್ಡು, ನಾಣ್ಯದ ಜೊತೆ ಒಂದು ಗಂಟು ಸುತಳಿ ಇರುತ್ತಿತ್ತು. ಆಟಕ್ಕೆ ಮುಂಚೆ ಎರಡೂ ಕಡೆ ನೆಟ್ ಎಳೆದು ನೋಡಿ, ತೂತು ಇದ್ದಲ್ಲಿ ನಾನೇ ಕಟ್ಟುತ್ತಿದ್ದೆ. ಹುಡುಗರು ‘ಸುತಳಿ ಕಾಕಾ’ ಅನ್ನುತ್ತಿದ್ದರು.

ಆ ಕೀಪರ್ ಈಗ ಕಾಯಿಪಲ್ಲೆ ಅಂಗಡಿ ಇಟ್ಟಿದ್ದಾನೆ. ನಾನು ಅಲ್ಲೇ ತರುವುದು. ಒಳ್ಳೆ ಹುಡುಗ, ಬದನೆಕಾಯಿ ಆರಿಸಿ ಕೊಡುತ್ತಾನೆ. ಆದರೆ ತೂಗುವ ಮುಂಚೆ ಪ್ರತಿ ಸಲ ಕೈ ತಡೆದು ಕೇಳುತ್ತಾನೆ: ‘ಕಾಕಾ, ಹತ್ರ ಬಂದು ನೋಡ್ತೀರೋ, ಅಲ್ಲಿಂದನ ಹೇಳ್ತೀರೋ?’