ಕೆಂಬೂತದಲ್ಲಿರುವ ‘ಬೂತ’ ಯಾವುದು?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕುಂಬಳೆ ಕಡೆಯಿಂದ ಬರೆಯುತ್ತಿದ್ದೇನೆ. ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಿಲ ಹಕ್ಕಿ ಎಣಿಸುವುದು ಇರುತ್ತದಲ್ವಾ? ಕನಿಷ್ಠ 15 ನಿಮಿಷ ನೋಡಿ, ಕಂಡ ಹಕ್ಕಿಗಳನ್ನೆಲ್ಲ ಇ-ಬರ್ಡ್ ಅನ್ನುವ ಜಾಲತಾಣಕ್ಕೆ ಹಾಕುವುದು. ಈ ಸಲ ನಮ್ಮ ಬೈಲಿನ ನಾಲ್ಕೈದು ಮನೆಯವರು ಮಕ್ಕಳನ್ನೂ ಕರಕೊಂಡು ಹೊರಟೆವು. ಪಟ್ಟಿ ಬರೆಯುವ ಕೆಲಸ ನನ್ನದು.

ಅಡಿಕೆ ತೋಟದ ಬೇಲಿ ಹತ್ತಿರ ಒಂದು ಕೆಂಬೂತ ಸಿಕ್ಕಿತು. ಕಪ್ಪು ಮೈ, ತಾಮ್ರದ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಹಾರಲು ಸೋಮಾರಿ. ಒಣ ಸೋಗೆಯ ಮೇಲೆ ಸರಸರ ನಡೆದು ಪೊದೆಗೆ ನುಗ್ಗಿತು. ಆಮೇಲೆ ಒಳಗಿನಿಂದ ‘ಊಪ್ ಊಪ್’. ನಾನು ಹೆಸರು ಹೇಳಿದ್ದೇ ತಡ, ಅಣ್ಣನ ಮಗಳು ನನ್ನ ಅಂಗಿ ಹಿಡಿದುಕೊಂಡಳು. “ಚಿಕ್ಕಪ್ಪಾ, ಕೆಂಪು ಭೂತವಾ?” ಕೋಲ ನೋಡಿ ಬೆಳೆಯುವ ಮಕ್ಕಳು, ಕೇಳದೆ ಇರುತ್ತಾರಾ! ಪಕ್ಕದ ಮನೆಯ ಮಲಯಾಳಿ ಹುಡುಗ ನಕ್ಕುಬಿಟ್ಟ. ಅವರಲ್ಲಿ ಇದು ‘ಚೆಂಬೋತ್ತ್’. ‘ಪೋತ್ತ್’ ಅಂದರೆ ಕೋಣ. ಹಾಗಾಗಿ ಇದು ಭೂತ ಅಲ್ಲ, ಕೆಂಪು ಕೋಣ ಅಂತ ಅವನ ವಾದ.

ಮಕ್ಕಳು ಅಲ್ಲಿಗೇ ಮರೆತರು. ನನಗೆ ಮಾತ್ರ ಬಿಡಲಿಲ್ಲ.

ಕೆಂಬೂತ, ಚೆಂಬೋತ್ತ್ ಎರಡೂ ಒಂದೇ ಪದ ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೆರೆ ಅವರಿಗೆ ಚಿರ. ತಮಿಳಿನಲ್ಲೂ ‘ಚೆಂಬೋತ್ತು’. ಅಂದರೆ ‘ಭೂತ’ಕ್ಕೂ ಇದಕ್ಕೂ ಸಂಬಂಧ ಇಲ್ಲ, ಮಹಾಪ್ರಾಣ ಬೇಕಾಗಿಲ್ಲ. ‘ಕೆಂಭೂತ’ ಅಂತ ಬರೆಯುವವರನ್ನೂ ಕಂಡಿದ್ದೇನೆ, ದಯವಿಟ್ಟು ಬೇಡ.

ಉಳಿದದ್ದು ‘ಪೋತ್ತು’. ತಮಿಳಿನಲ್ಲಿ ಕೆಲವು ಪ್ರಾಣಿಗಳ ಗಂಡಿಗೆ ಹಾಗೆ ಹೇಳುತ್ತಾರೆ. ನಮ್ಮ ‘ಹೋತ’ ಅದರ ನೆಂಟನೇ ಇರಬೇಕು, ಹಿಂದೆ ‘ಪ’ ಇದ್ದಲ್ಲಿ ‘ಹ’ ಬಂದದ್ದು. ಕೆಂ ಜೊತೆ ಪೊನ್ (ಹೊನ್ನು) ಸೇರಿದರೆ ಕೆಂಬೊನ್ ಆದ ಹಾಗೆ ಪೋತ ಸೇರಿದರೆ ‘ಕೆಂಬೋತ’ ಆಗಬೇಕಿತ್ತು. ಆದರೆ ಬಾಯಲ್ಲಿರುವುದು ಕೆಂಬೂತ. ನನ್ನ ಪ್ರಶ್ನೆ ಇಷ್ಟೇ: ಆ ಓಕಾರ ಊಕಾರ ಆದದ್ದು ಹೇಗೆ? ಸುಮ್ನೆ ಆಡಿ ಆಡಿ ಆಯಿತಾ, ಅಥವಾ ಆ ಕೆಂಪು ಕಣ್ಣು ಕಂಡು ಜನರೇ ‘ಭೂತ’ದ ಕಡೆ ಎಳೆದರಾ? ಎಲ್ಲಾದರೂ ‘ಕೆಂಬೋತ’ ಅನ್ನುವವರು ಇದ್ದರೆ ಊರಿನ ಹೆಸರು ಸಹಿತ ತಿಳಿಸಿ. ಇದೇ ಹಕ್ಕಿಗೆ ಸಂಬಾರಗಾಗೆ, ರತ್ನಪಕ್ಷಿ ಅಂತಲೂ ಹೆಸರಿರುವುದು ಗೊತ್ತು, ಅವು ಬೇರೆ ಕಥೆ. ತುಳುವಿನ ಕುಪ್ಪುಳು ಅದರ ಕೂಗಿನಿಂದಲೇ ಹುಟ್ಟಿದ್ದು ಅಂತ ನನ್ನ ಅಂದಾಜು.

(ನಮ್ಮ ಜಿಲ್ಲೆಯ ಹಕ್ಕಿ ಅಂತ ಘೋಷಿಸಿದ್ದು ಬಿಳಿಹೊಟ್ಟೆಯ ಕಡಲಹದ್ದನ್ನು. ಅದರ ಹೆಸರಲ್ಲಿ ಯಾರಿಗೂ ತಕರಾರಿಲ್ಲ, ಮಕ್ಕಳಿಗೆ ಅಷ್ಟು ಮಜವೂ ಇಲ್ಲ.)

ಇನ್ನೊಂದು ಸಣ್ಣ ವಿಷಯ. ಎಣಿಕೆಗೆ, ಹೊಳೆಬದಿಯ ಪ್ಲಾಸ್ಟಿಕ್ ಹೆಕ್ಕುವುದಕ್ಕೆ ಬರುವವರನ್ನು ಏನಂತ ಕರೆಯಲಿ? ‘ಸ್ವಯಂಸೇವಕ’ ಅಂದರೆ ಜಾತ್ರೆಯಲ್ಲಿ ಬ್ಯಾಡ್ಜ್ ಹಾಕಿ ಹಗ್ಗ ಹಿಡಿದು ನಿಂತವರ ನೆನಪಾಗುತ್ತದೆ. ‘ಶ್ರಮದಾನ’ ಅಂದರೆ ಹಾರೆ ಹಿಡಿದು ಬರುತ್ತಾರೆ. ಏಳು ವರ್ಷದ ಹುಡುಗಿಗೂ ಅವಳ ಅಜ್ಜನಿಗೂ ಒಪ್ಪುವ ಒಂದು ಪದ ಬೇಕು. ಮುಂದಿನ ನಡಿಗೆಯ ನೋಟಿಸಿನಲ್ಲಿ ಆ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.