ಹೊಸ ಸಿಸ್ಟಮ್ ಕಾಲ್ ಸೇರಿಸಿದೆ, ಕರೆದರೆ ‘ಇನೋಸಿಸ್’ ಬರುತ್ತಿದೆ (ಕರ್ನಲ್ 6.12)

ಕರ್ನಲ್‌ಕುತೂಹಲಿ:
ಎಲ್ಲರಿಗೂ ನಮಸ್ಕಾರ. ಕಲಿಯೋಕೆ ಅಂತ ಲಿನಕ್ಸ್ ಕರ್ನಲ್‌ಗೆ ಒಂದು ಸ್ವಂತ ಸಿಸ್ಟಮ್ ಕಾಲ್ (ಪ್ರೋಗ್ರಾಮ್‌ಗಳು ಕರ್ನಲ್‌ನಿಂದ ಕೆಲಸ ಮಾಡಿಸಿಕೊಳ್ಳುವ ಕರೆ) ಸೇರಿಸುತ್ತಿದ್ದೇನೆ. ಹೆಸರು ‘ಕೂಡು’. ಎರಡು ಪೂರ್ಣಾಂಕ ತೆಗೆದುಕೊಂಡು ಮೊತ್ತ ವಾಪಸ್ ಕೊಡಬೇಕು, ಅಷ್ಟೇ. ಎಕ್ಸ್86-64, ವರ್ಚುವಲ್ ಮಷಿನ್ ಒಳಗೆ.

ಕೂಡು.ಸಿ ಬರೆದೆ. ಮೇಕ್‌ಫೈಲ್‌ಗೆ ಕೂಡು.ಒ ಸೇರಿಸಿದೆ. ಸಿಸ್‌ಕಾಲ್ಸ್.ಎಚ್ ಒಳಗೆ ಪ್ರೋಟೋಟೈಪ್ ಹಾಕಿದೆ. ಕಾಲ್ ನಂಬರುಗಳ ಟೇಬಲ್ ಇರುವ ಸಿಸ್‌ಕಾಲ್_64.ಟಿಬಿಎಲ್ ಫೈಲಿನ ಕೊನೆಗೆ 548ನೇ ನಂಬರಿನ ಸಾಲು ಬರೆದೆ. ಬಿಲ್ಡ್ ಆಯಿತು, ಬೂಟ್ ಆಯಿತು. ಆದರೆ ಸಿ ಪ್ರೋಗ್ರಾಮ್‌ನಿಂದ ಸಿಸ್‌ಕಾಲ್(548, 10, 20) ಅಂತ ಕರೆದರೆ -1 ಬರುತ್ತದೆ, ಎರ್‌ನೋ (ಎರರ್ ನಂಬರ್) 38, ಅಂದರೆ ಇನೋಸಿಸ್. ‘ಫಂಕ್ಷನ್ ನಾಟ್ ಇಂಪ್ಲಿಮೆಂಟೆಡ್’ ಅಂತೆ. ಇಂಪ್ಲಿಮೆಂಟ್ ಮಾಡಿದ್ದೀನಲ್ಲ!

ಹಳೇಬೂಟು:
ಹತ್ತರಲ್ಲಿ ಒಂಬತ್ತು ಸಲ ಇದಕ್ಕೆ ಕಾರಣ ಹಳೆ ಕರ್ನಲ್ಲೇ ಬೂಟ್ ಆಗಿರುವುದು. ಓಡುತ್ತಿರುವ ಕರ್ನಲ್ ಯಾವುದು ಅಂತ ತೋರಿಸುವ ಯುನೇಮ್ -ಆರ್ ಏನು ಹೇಳುತ್ತದೆ ನೋಡಿ.

ಕರ್ನಲ್‌ಕುತೂಹಲಿ:
ನೋಡಿದೆ ಸರ್. ನನ್ನದೇ ಕರ್ನಲ್, ನಾನು ಕೊಟ್ಟ ಬಾಲವೂ ಹೆಸರಿನ ಕೊನೆಯಲ್ಲಿದೆ. ಎಸ್‌ಟ್ರೇಸ್ (ಪ್ರೋಗ್ರಾಮ್ ಮಾಡುವ ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಸಾಧನ) ಹಾಕಿದರೆ ‘ಸಿಸ್‌ಕಾಲ್_0ಎಕ್ಸ್224’ ಅಂತ ತೋರಿಸಿ, ಪಕ್ಕದಲ್ಲಿ ಇನೋಸಿಸ್ ಅನ್ನುತ್ತದೆ.

ರಿಂಗ್‌ಸೊನ್ನೆ:
0ಎಕ್ಸ್224 ಅಂದರೆ 548. ಹಾಗಾಗಿ ನಂಬರ್ ಕರ್ನಲ್‌ವರೆಗೆ ಸರಿಯಾಗಿಯೇ ಹೋಗಿದೆ. ಒಳಗೆ ಹೋದಮೇಲೆ ಆ ನಂಬರಿಗೆ ಯಾರೂ ಸಿಕ್ಕಿಲ್ಲ. ಎರಡು ವಿಷಯ ಬೇಕು. ರೂಟ್ ಆಗಿ ಪ್ರಾಕ್ ಕೆಳಗಿನ ಕಾಲ್‌ಸಿಮ್ಸ್ ಫೈಲಿನಲ್ಲಿ (ಕರ್ನಲ್ ಒಳಗಿನ ಫಂಕ್ಷನ್ ಹೆಸರುಗಳ ಪಟ್ಟಿ) ‘ಕೂಡು’ ಹುಡುಕಿ, ಏನು ಬಂತು ಹೇಳಿ. ಟೇಬಲ್‌ಗೆ ಹಾಕಿದ ಸಾಲನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ಹಾಕಿ.

ಕರ್ನಲ್‌ಕುತೂಹಲಿ:
ಕಾಲ್‌ಸಿಮ್ಸ್‌ನಲ್ಲಿ ಸಿಕ್ಕಿದ್ದು: ಟಿ ಸಿಸ್_ಕೂಡು
ಟೇಬಲ್ ಸಾಲು: 548 ಎಕ್ಸ್32 ಕೂಡು ಸಿಸ್_ಕೂಡು
ಮೇಲಿನ 547ನೇ ಸಾಲನ್ನು ಕಾಪಿ ಮಾಡಿ ಬದಲಾಯಿಸಿದ್ದು.

ರಿಂಗ್‌ಸೊನ್ನೆ:
ಸಿಕ್ಕಿತು. ಎರಡನೇ ಕಾಲಮ್ ನೋಡಿ. ‘ಎಕ್ಸ್32’ ಅಂದರೆ 64-ಬಿಟ್ ರಿಜಿಸ್ಟರ್‌ಗಳು, 32-ಬಿಟ್ ಪಾಯಿಂಟರ್‌ಗಳು ಇರುವ ಬೇರೆಯದೇ ಎಬಿಐ (ಪ್ರೋಗ್ರಾಮ್ ಮತ್ತು ಕರ್ನಲ್ ನಡುವಿನ ಬೈನರಿ ಮಟ್ಟದ ಒಪ್ಪಂದ). ಬಳಸುವವರು ತೀರಾ ಕಡಿಮೆ. ನಿಮ್ಮ 64-ಬಿಟ್ ಪ್ರೋಗ್ರಾಮ್ ನೋಡುವ ಟೇಬಲ್‌ಗೆ ‘ಕಾಮನ್’ ಮತ್ತು ‘64’ ಎಂದಿರುವ ಸಾಲುಗಳು ಮಾತ್ರ ಹೋಗುತ್ತವೆ. ನಿಮ್ಮ ಸಾಲು ಅಲ್ಲಿಗೆ ಹೋಗಿಯೇ ಇಲ್ಲ. ನಂಬರಿಗೆ ಯಾರೂ ಇಲ್ಲದಿದ್ದರೆ ಕರ್ನಲ್ ಕೊಡುವ ಉತ್ತರವೇ ಇನೋಸಿಸ್.

512ರಿಂದ 547ರವರೆಗಿನ ನಂಬರುಗಳು ಎಕ್ಸ್32ಗೆ ಮೀಸಲು. ಅದೊಂದು ಹಳೆಯ ವಿನ್ಯಾಸದ ತಪ್ಪು ಅಂತ ಆ ಫೈಲಿನ ಕಮೆಂಟೇ ಒಪ್ಪಿಕೊಳ್ಳುತ್ತದೆ. 548 ಇಟ್ಟುಕೊಳ್ಳಬಹುದು, ತೊಂದರೆ ಇಲ್ಲ. ಎಬಿಐ ಮಾತ್ರ ‘ಕಾಮನ್’ ಮಾಡಿ.

ಇನ್ನೊಂದು ಅನುಮಾನವೂ ಇದೆ. ಕಾಲ್‌ಸಿಮ್ಸ್‌ನಲ್ಲಿ ಬರೀ ‘ಸಿಸ್_ಕೂಡು’ ಇದೆ, ಹೆಸರಿನ ಶುರುವಿನಲ್ಲಿ ‘__ಎಕ್ಸ್64_’ ಇಲ್ಲ. ನೀವು ಇದನ್ನು ಸರಿಮಾಡಿದ ತಕ್ಷಣ ಲಿಂಕರ್ (ಬಿಲ್ಡ್‌ನಲ್ಲಿ ತುಂಡುಗಳನ್ನು ಜೋಡಿಸುವ ಸಾಧನ) ಕೂಗುತ್ತದೆ ಅನ್ನಿಸುತ್ತಿದೆ.

ಕರ್ನಲ್‌ಕುತೂಹಲಿ:
ಕೂಗಿತು! ‘ಅನ್‌ಡಿಫೈನ್ಡ್ ರೆಫರೆನ್ಸ್ ಟು __ಎಕ್ಸ್64_ಸಿಸ್_ಕೂಡು’. ಅದಕ್ಕೇ ಸಿ ಫೈಲಿನಲ್ಲಿ ಫಂಕ್ಷನ್ ಹೆಸರನ್ನೇ __ಎಕ್ಸ್64_ಸಿಸ್_ಕೂಡು ಅಂತ ಬದಲಾಯಿಸಿದೆ. ಈಗ ಬಿಲ್ಡ್ ಆಗುತ್ತದೆ, ಇನೋಸಿಸ್ ಹೋಯಿತು. ಆದರೆ 10 ಮತ್ತು 20 ಕೊಟ್ಟರೆ ಉತ್ತರ 30 ಅಲ್ಲ. ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಬರೆಯುವ ಫಂಕ್ಷನ್) ಹಾಕಿ ನೋಡಿದರೆ ಮೊದಲ ಆರ್ಗ್ಯುಮೆಂಟ್ ಒಮ್ಮೆ 4964184, ಮತ್ತೊಮ್ಮೆ 5324632. ಎರಡನೆಯದು ಯಾವಾಗಲೂ 548. ತಲೆ ಕೆಟ್ಟು ಹೋಗಿದೆ.

ಹಳೇಬೂಟು:
ಎರಡನೆಯದು 548! ಯಾರೋ ತಮಾಷೆ ಮಾಡಿದ ಹಾಗಿದೆ 😄

ರಿಂಗ್‌ಸೊನ್ನೆ:
ತಮಾಷೆ ಅಲ್ಲ, ಅದೇ ಸುಳಿವು. ಆ ಎರಡು ಸಂಖ್ಯೆಗಳನ್ನು ಹೆಕ್ಸ್‌ನಲ್ಲಿ ಬರೆಯಿರಿ: 4ಬಿಬಿಎಫ್58, 513ಎಫ್58. ಎರಡರ ಕೊನೆಯೂ ಎಫ್58 ಅಲ್ವಾ? ಅದು ನಿಮ್ಮ 10 ಅಲ್ಲ, ಒಂದು ವಿಳಾಸದ ಕೆಳಗಿನ 32 ಬಿಟ್.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಳೆಯ ಟ್ಯುಟೋರಿಯಲ್ ಹಿಡಿದವರೆಲ್ಲ ಇಲ್ಲೇ ಎಡವುತ್ತಾರೆ. ನಿಮ್ಮ ಪ್ರೋಗ್ರಾಮ್ ‘ಸಿಸ್‌ಕಾಲ್’ ಇನ್‌ಸ್ಟ್ರಕ್ಷನ್ ಓಡಿಸುವಾಗ ನಂಬರ್ ಆರ್‌ಎಎಕ್ಸ್‌ನಲ್ಲಿರುತ್ತದೆ. ಆರ್ಗ್ಯುಮೆಂಟ್‌ಗಳು ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್10, ಆರ್8, ಆರ್9ರಲ್ಲಿ. (ಆರ್‌ಸಿಎಕ್ಸ್ ಇಲ್ಲ, ಏಕೆಂದರೆ ಆ ಇನ್‌ಸ್ಟ್ರಕ್ಷನ್ ವಾಪಸ್ ಬರುವ ವಿಳಾಸವನ್ನು ಅದರಲ್ಲೇ ಇಡುತ್ತದೆ.) ಕರ್ನಲ್ ಒಳಗೆ ಬಂದಕೂಡಲೇ ಈ ರಿಜಿಸ್ಟರ್‌ಗಳನ್ನೆಲ್ಲ ಕರ್ನಲ್ ಸ್ಟ್ಯಾಕ್‌ನ ಮೇಲ್ತುದಿಯಲ್ಲಿ ಪಿಟಿ_ರೆಗ್ಸ್ ಎಂಬ ಸ್ಟ್ರಕ್ಚರ್‌ಗೆ ಉಳಿಸುತ್ತದೆ. ಮೇಲ್ತುದಿಯಿಂದ ಅದರ ದೂರ ಬದಲಾಗದ ಕಾರಣ ವಿಳಾಸದ ಕೊನೆಯೂ ಬದಲಾಗುವುದಿಲ್ಲ.

ಹಿಂದೆ ಉಳಿಸಿದ ಮೇಲೆ ನಿಮ್ಮ ಫಂಕ್ಷನ್‌ಗೆ ಆರೂ ರಿಜಿಸ್ಟರ್ ನೇರ ಸಿಗುತ್ತಿದ್ದವು. 2018ರ 4.17 ಆವೃತ್ತಿಯಿಂದ ಎಕ್ಸ್86-64ರಲ್ಲಿ ಹಾಗಿಲ್ಲ. ಈಗ ಸಿಗುವುದು ಒಂದೇ ಆರ್ಗ್ಯುಮೆಂಟ್, ಪಿಟಿ_ರೆಗ್ಸ್‌ನ ಪಾಯಿಂಟರ್. ಬೇಕಾದಷ್ಟನ್ನು ಮಾತ್ರ ಅದರಿಂದ ಎತ್ತಿಕೊಳ್ಳಬೇಕು. ಬಳಕೆದಾರ ತುಂಬಿದ ಬೇಡದ ಬೆಲೆಗಳು ರಿಜಿಸ್ಟರ್‌ಗಳಲ್ಲೇ ಕುಳಿತು ಕರ್ನಲ್ ಆಳಕ್ಕೆ ಹೋಗಬಾರದು ಅನ್ನುವುದು ಉದ್ದೇಶ. ಪ್ರೊಸೆಸರ್‌ನ ದೋಷ ಬಳಸುವ ಸ್ಪೆಕ್ಟರ್ ಥರದ ದಾಳಿಗಳ ಕಾಲದಲ್ಲಿ ಬಂದ ಬದಲಾವಣೆ ಇದು.

ನಿಮ್ಮ ಫಂಕ್ಷನ್ ಆ ಪಾಯಿಂಟರನ್ನೇ ‘ಇಂಟ್ ಎ’ ಅಂದುಕೊಂಡಿದೆ. ‘ಇಂಟ್ ಬಿ’ಗೆ ಆರ್‌ಎಸ್‌ಐನಲ್ಲಿ ಉಳಿದಿದ್ದದ್ದು ಸಿಕ್ಕಿದೆ. ನಿಮ್ಮನ್ನು ಕರೆಯುವ ಒಳಗಿನ ಫಂಕ್ಷನ್ ಎರಡನೇ ಆರ್ಗ್ಯುಮೆಂಟ್ ಆಗಿ ಕಾಲ್ ನಂಬರ್ ತೆಗೆದುಕೊಳ್ಳುತ್ತದೆ, ಅದೇ ಅಲ್ಲಿ ಉಳಿದುಬಿಟ್ಟಿದೆ.

ಪರಿಹಾರ ಸುಲಭ. ಹೆಸರನ್ನು ಕೈಯಿಂದ ಬರೆಯಬೇಡಿ. ಸಿಸ್‌ಕಾಲ್_ಡಿಫೈನ್2 ಮ್ಯಾಕ್ರೊ ಬಳಸಿ: ಸಿಸ್‌ಕಾಲ್_ಡಿಫೈನ್2(ಕೂಡು, ಇಂಟ್, ಎ, ಇಂಟ್, ಬಿ). ಟೈಪ್ ಮತ್ತು ಹೆಸರಿನ ನಡುವೆಯೂ ಕಾಮಾ ಬೇಕು, ಮರೆಯಬೇಡಿ. ಎಕ್ಸ್64 ಹೆಸರು ಕೊಡುವುದು, ಪಿಟಿ_ರೆಗ್ಸ್‌ನಿಂದ ಬಿಚ್ಚುವುದು ಎಲ್ಲ ಅದೇ ಮಾಡುತ್ತದೆ. ಟೇಬಲ್‌ನಲ್ಲಿ ಬರೀ ಸಿಸ್_ಕೂಡು ಇರಲಿ. 5.7ರಿಂದ ಅಲ್ಲಿ ಎಕ್ಸ್64 ಬರೆಯುವ ಅಗತ್ಯವಿಲ್ಲ. ಅದಕ್ಕಿಂತ ಹಿಂದಿನ ಕೆಲವು ಆವೃತ್ತಿಗಳಲ್ಲಿ ಬರೆಯಬೇಕಿತ್ತು, ಹಾಗಾಗಿ ಒಂದೊಂದು ಬ್ಲಾಗಿನಲ್ಲಿ ಒಂದೊಂದು ಥರ ಇರುತ್ತದೆ.

ಕರ್ನಲ್‌ಕುತೂಹಲಿ:
30 ಬಂತು!! ತುಂಬಾ ಥ್ಯಾಂಕ್ಸ್ ಸರ್. ಖುಷಿಯಲ್ಲಿ ಇನ್ನೊಂದು ಕಾಲ್ ಬರೆದೆ, ಸ್ಟ್ರಿಂಗ್ ತೆಗೆದುಕೊಂಡು ಪ್ರಿಂಟ್‌ಕೆ ಮಾಡುವುದು. ಕರೆದ ತಕ್ಷಣ ಪ್ರೋಗ್ರಾಮ್ ‘ಕಿಲ್ಡ್’. ಲಾಗ್‌ನಲ್ಲಿ ‘ಪರ್ಮಿಷನ್ಸ್ ವಯಲೇಷನ್’ ಅಂತ ಊಪ್ಸ್ (ಕರ್ನಲ್ ಒಳಗಿನ ತಪ್ಪಿನ ವರದಿ). ಪಾಯಿಂಟರ್ ಅಂತೂ ಸರಿಯಾಗಿಯೇ ಇದೆ.

ಅಸೆಂಬ್ಲಿಪ್ರಿಯೆ:
ಪಾಯಿಂಟರ್ ಸರಿ ಇದೆ, ನೇರ ಓದಿದ್ದು ತಪ್ಪು. ಅದು ಬಳಕೆದಾರರ ಕಡೆಯ ಮೆಮೊರಿ. ಸ್ಮ್ಯಾಪ್ ಎಂಬ ರಕ್ಷಣೆ ಇರುವ ಪ್ರೊಸೆಸರ್ ಕರ್ನಲ್‌ಗೂ ಅದನ್ನು ಸುಮ್ನೆ ಮುಟ್ಟಲು ಬಿಡುವುದಿಲ್ಲ. ಸ್ಟ್ರ್‌ಎನ್‌ಸಿಪಿವೈ_ಫ್ರಮ್_ಯೂಸರ್ ಬಳಸಿ ನಿಮ್ಮ ಬಫರ್‌ಗೆ ತಂದುಕೊಂಡು ಆಮೇಲೆ ಪ್ರಿಂಟ್ ಮಾಡಿ. ಅದು ಕೊಡುವ ಉತ್ತರ ನೋಡದೆ ಮುಂದೆ ಹೋಗಬೇಡಿ. ಋಣ ಸಂಖ್ಯೆ ಬಂದರೆ ಹಾಗೇ ವಾಪಸ್ ಕೊಡಿ. ಬಫರಿನ ಪೂರ್ತಿ ಅಳತೆ ಬಂದರೆ ಕೊನೆಯ ಸೊನ್ನೆ ಬೈಟ್ ಬಿದ್ದಿಲ್ಲ ಅಂತ ಅರ್ಥ.

ಕರ್ನಲ್‌ಕುತೂಹಲಿ:
ಅದೂ ಆಯಿತು ಮೇಡಂ. ಇನ್ನೊಂದು ವಿಚಿತ್ರ ಕೇಳಿಬಿಡುತ್ತೇನೆ. ಕೂಡು(-10, 5) ಅಂದರೆ -1 ಬರುತ್ತದೆ, ಎರ್‌ನೋ 5, ‘ಇನ್‌ಪುಟ್/ಔಟ್‌ಪುಟ್ ಎರರ್’. ಕೂಡು(-5000, 0) ಮಾತ್ರ ಸರಿಯಾಗಿ -5000 ಕೊಡುತ್ತದೆ! ಡಿಸ್ಕ್ ಮುಟ್ಟೇ ಇಲ್ಲ, ಐಒ ಎರರ್ ಎಲ್ಲಿಂದ?

ಅಸೆಂಬ್ಲಿಪ್ರಿಯೆ:
ಒಳ್ಳೇ ಪರೀಕ್ಷೆ ಮಾಡಿದ್ದೀರಿ. ಎರ್‌ನೋ ಎಂಬುದು ಕರ್ನಲ್ ಕೊಡುವುದಲ್ಲ. ಕರ್ನಲ್ ವಾಪಸ್ ಕೊಡುವುದು ಆರ್‌ಎಎಕ್ಸ್‌ನಲ್ಲಿ ಒಂದೇ ಸಂಖ್ಯೆ. ಅದು -4095ರಿಂದ -1ರ ಒಳಗಿದ್ದರೆ ಸಿ ಲೈಬ್ರರಿ ಅದನ್ನು ಎರರ್ ಅಂದುಕೊಂಡು, ಚಿಹ್ನೆ ತೆಗೆದು ಎರ್‌ನೋಗೆ ಹಾಕಿ ನಿಮಗೆ -1 ಕೊಡುತ್ತದೆ. ನಿಮ್ಮ -5 ಹಾಗೆ ‘ಇಐಒ’ ಆಯಿತು. -5000 ಆ ವ್ಯಾಪ್ತಿಯ ಹೊರಗೆ, ಅದಕ್ಕೇ ತಪ್ಪಿಸಿಕೊಂಡಿತು.

ಇದು ನಿಮ್ಮೊಬ್ಬರ ತಲೆನೋವಲ್ಲ. ನೈಸ್ ಬೆಲೆ (ಪ್ರೋಗ್ರಾಮ್‌ನ ಆದ್ಯತೆ ಹೇಳುವ ಸಂಖ್ಯೆ) -20ರಿಂದ 19. ಅದನ್ನು ಹೇಳಬೇಕಾದ ಗೆಟ್‌ಪ್ರಯಾರಿಟಿ ಕಾಲ್ ಇದೇ ಕಾರಣಕ್ಕೆ ಕರ್ನಲ್‌ನಿಂದ 40ರಿಂದ 1 ಅಂತ ತಿರುಗಿಸಿ ಕಳಿಸುತ್ತದೆ. ಲೈಬ್ರರಿ ಮತ್ತೆ ಸರಿಮಾಡುತ್ತದೆ. ನನಗಂತೂ ಅದು ಜಾಸ್ತಿ ಇಷ್ಟವಾಗದ ಉಪಾಯ. ಋಣ ಉತ್ತರ ಬರುವ ಸಾಧ್ಯತೆ ಇದ್ದರೆ ಮೂರನೇ ಆರ್ಗ್ಯುಮೆಂಟ್ ಆಗಿ ಪಾಯಿಂಟರ್ ತೆಗೆದುಕೊಳ್ಳಿ, ಪುಟ್_ಯೂಸರ್ ಬಳಸಿ ಮೊತ್ತವನ್ನು ಅಲ್ಲಿ ಬರೆಯಿರಿ, ಕಾಲ್ ಸೊನ್ನೆ ವಾಪಸ್ ಕೊಡಲಿ.

ಕರ್ನಲ್‌ಕುತೂಹಲಿ:
ಸಿಸ್‌ಕಾಲ್_ಡಿಫೈನ್3 ಮಾಡಿ ಹಾಗೇ ಬರೆದೆ. -10 ಮತ್ತು 5ಕ್ಕೆ -5 ಬರುತ್ತಿದೆ, ಎರರ್ ಇಲ್ಲ. ಬೇಕಂತಲೇ ಪಾಯಿಂಟರ್ ಜಾಗದಲ್ಲಿ 1 ಅಂತ ಕೊಟ್ಟು ನೋಡಿದೆ, ಊಪ್ಸ್ ಆಗದೆ ನೀಟಾಗಿ ‘ಇಫಾಲ್ಟ್’ (ವಿಳಾಸ ತಪ್ಪು ಎನ್ನುವ ಎರರ್) ಬಂತು. ‘ಪರಿಹಾರವಾಗಿದೆ’ ಅಂತ ಗುರುತು ಹಾಕುತ್ತಿದ್ದೇನೆ.

ಹಳೇಬೂಟು:
ಪ್ಯಾಚನ್ನು ಮುಂದಿನ ಆವೃತ್ತಿಗೆ ಒಯ್ಯುವುದಾದರೆ 548ರಲ್ಲೇ ಇರಿ. 6.12ರ ಟೇಬಲ್‌ನಲ್ಲಿ 462ರ ಎಂಸೀಲ್ ಎಂಬ ಕಾಲ್ ಆದಮೇಲೆ 463 ಖಾಲಿ ಕಾಣುತ್ತದೆ, ಆದರೆ 6.13ರಲ್ಲಿ ಅದು ಸೆಟ್‌ಎಕ್ಸ್‌ಆಟ್ರ್‌ಆಟ್ ಎಂಬ ಹೊಸ ಕಾಲ್‌ನ ಪಾಲಾಗಿದೆ.